ಎರಡು ಸಲ ಕೆಮ್ಮು

ಆ ಚಿತ್ರಕ್ಕೆ ಕನ್ನಡದ ಅಡಿಬರಹ ಇರಲಿಲ್ಲ.
ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು
ಒಂದು ಗಂಟೆ ಹನ್ನೆರಡು ನಿಮಿಷ
ಇಂಗ್ಲಿಷು ಓದಿ ಕನ್ನಡ ಹೇಳಿದವನು ನಾನು.
ದುರ್ಗಿಗುಡಿಯ ಹಿಂದಿನ ರಸ್ತೆ, ನೌಕರರ ಸಂಘದ ಮಹಡಿ,
ಬಾಡಿಗೆ ಕುರ್ಚಿ ಅರವತ್ತು, ಜನ ಮೂವತ್ತೊಂದು,
ಮಫ್ತಿಯಲ್ಲಿ ಬಂದ ಇಬ್ಬರನ್ನೂ ಸೇರಿಸಿ.
ಅಂಗಿ ಅವರದು, ಬೂಟು ಇಲಾಖೆಯದು.

ದೀಪ ಹಾಕಿ, ಅಭಿಪ್ರಾಯ ಹೇಳಿ ಅಂದೆವು.

ನಿವೃತ್ತ ಮೇಷ್ಟ್ರು ಶಂಕರಲಿಂಗಪ್ಪ ಮೊದಲು ಎದ್ದರು:
‘ನಲವತ್ತೆಂಟರಿಂದ ಶುರು ಮಾಡಿದ್ದೇ ತಪ್ಪು,
ಹದಿನೇಳರಿಂದ ಮಾಡಬೇಕಿತ್ತು.’
‘ಹದಿನೇಳು ಯಾಕೆ, ಅವರ ಗುಡಿ ಬಿದ್ದಾಗಿನಿಂದ ಮಾಡಿ,’
ಅಂದರು ವಕೀಲ ಶ್ರೀಕಂಠ ಜೋಯಿಸರು.
ಹೀಗೆ ಕಥೆಯ ಮೊದಲ ಸಾಲು
ಹಿಂದೆ ಹಿಂದೆ ಸರಿಯುತ್ತ ಹೋಯಿತು
ಬೆನ್ನು ಗೋಡೆಗೆ ತಾಗುವವರೆಗೆ.
ನಮ್ಮ ಬೀದಿಯ ಆ ಸಂಜೆ ನೆನಪಾಯಿತು ನನಗೆ:
ಮೊದಲ ಕಲ್ಲು ಯಾರದು ಅಂತ ಕೇಳಿದರೆ
ಊರಿಡೀ ಸಿಕ್ಕಿದ್ದು
ಎರಡನೆಯದನ್ನು ಎಸೆದವರು.

ಗೋಪಾಳದ ಹಿಲ್ಡಾ ಲೋಬೊ
ಹೈಫಾದಲ್ಲಿ ಒಂಬತ್ತು ವರ್ಷ ಮುದುಕಿಯೊಬ್ಬಳನ್ನು ನೋಡಿಕೊಂಡವರು,
ಕೂತಲ್ಲಿಂದಲೇ ಮಾತಾಡಿದರು.
‘ಸೈರನ್ ಆದ್ರೆ ಕೆಳಗಿಳಿಯೋಕೆ ಒಂದು ನಿಮಿಷ.
ನಮ್ಮಜ್ಜಿಗೆ ಚಪ್ಪಲಿ ಹಾಕೋಕೇ ಎರಡು.
ಬಚ್ಚಲಲ್ಲಿ ಕೂತ್ಕೊಳ್ತಿದ್ವಿ,
ಅವಳ ಪ್ರಾರ್ಥನೆ ಅವಳದು, ಕೊಂಕಣಿಯಲ್ಲಿ ನನ್ನದು.
ಬಣ್ಣ ಬಳಿಯೋಕೆ ನಿಮರ್ ಅಂತ ಒಬ್ಬ ಹುಡುಗ ಬರ್ತಿದ್ದ,
ಆ ವಾರದಿಂದ ಬರಲಿಲ್ಲ. ಗೇಟು ಮುಚ್ಚಿದ್ದಾರೆ ಅಂದ್ರು.
ಗೋಡೆ ಅರ್ಧ ಹಾಗೇ ಉಳೀತು.
ನಂಗೆ ಅಭಿಪ್ರಾಯ ಅಂತ ಏನಿಲ್ಲ.
ಆ ಅರ್ಧ ಗೋಡೆ ಎದುರು ದಿನಾ ಬಟ್ಟೆ ಒಣಗಿಸಿದೀನಿ.’

ಕಾಲೇಜಿನ ಹುಡುಗನೊಬ್ಬ ಹುರುಪಿನಲ್ಲಿ
‘ಥೇಟ್ ನಮ್ಮ ಶರಾವತಿ ಮುಳುಗಡೆಯವರ ಹಾಗೇ!’ ಅಂದ.
ಹುಟ್ಟಿದೂರನ್ನು ಲಿಂಗನಮಕ್ಕಿಯ ನೀರಲ್ಲಿ ಬಿಟ್ಟು ಬಂದ
ಹೂವಪ್ಪ ನಾಯ್ಕರು ಕೈ ಅಡ್ಡ ಆಡಿಸಿದರು:
‘ಬ್ಯಾಡ ತಮಾ. ನಮ್ಮನ್ನ ಲಾರೀಲಿ ತುಂಬಿದ್ರು,
ಗುಂಡು ಹಾರಿಸ್ಲಿಲ್ಲ.
ಬ್ಯಾಸಗೀಲಿ ನೀರು ಇಳಿದ್ರೆ ಬಾವಿಕಟ್ಟೆ ಕಾಣ್ತದೆ,
ಹೋಗಿ ಕೂತ್ಕಂಡು ಬರ್ತೀವಿ.
ಅವರ ದುಃಖಕ್ಕೆ ನಮ್ಮ ಅಂಗಿ ತೊಡಿಸ್ಬ್ಯಾಡ,
ಅಳತೆ ಬ್ಯಾರೆ.’

ಆಮೇಲೆ, ಯಾರೂ ಹೇಳದೆ,
ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿತು.
ಅಲ್ಲಿ ನಿಂತಿದ್ದರು ಶಾಮಿಯಾನದ ಖಲಂದರ್ ಸಾಬರು,
ಕುರ್ಚಿ ಅವರದು, ಪರದೆ ಅವರದು, ಮೈಕೂ ಅವರದೇ.
ಅಷ್ಟು ದೂರದ ಅಷ್ಟೂ ದೇಶಗಳ ಪರವಾಗಿ
ಸೀಗೆಹಟ್ಟಿಯ ಈ ಮನುಷ್ಯ ಈಗ ಉತ್ತರಿಸಬೇಕು ಎಂಬಂತೆ.
ಬೂಟಿನವರು ಪೆನ್ನು ತೆಗೆದರು.
‘ಸೌಂಡು ಸ್ವಲ್ಪ ಕಮ್ಮಿಯಾಯ್ತು,’ ಅಂದರು ಸಾಬರು,
‘ಮುಂದಿನ ಸಲ ದೊಡ್ಡ ಬಾಕ್ಸ್ ತರ್ತೀನಿ.’
ಎಲ್ಲ ನಕ್ಕರು.
ಕಾರ್ಯಕ್ರಮ ಶಾಂತಿಯುತವಾಗಿ ಮುಗಿಯಿತು
ಎಂದು ಬರೆದುಕೊಂಡು ಪೆನ್ನು ಜೇಬಿಗೆ ಹೋಯಿತು.

ಜನ ಇಳಿದ ಮೇಲೆ, ಕುರ್ಚಿ ಪೇರಿಸುತ್ತ:
‘ಸಾರ್, ನೀವು ಎರಡು ಸಲ ಕೆಮ್ಮಿದ್ರಿ.’
‘ಗಂಟಲು, ಸಾಬ್ರೇ.’
‘ಒಂದು, ನಲ್ಲಿ ಹತ್ರ ನಿಂತಿದ್ದ ಹುಡುಗ ಮಾತಾಡುವಾಗ.
ಇನ್ನೊಂದು, ಆ ಕಡೆಯವನು, ಸೈಕಲ್ ಹಿಡ್ಕೊಂಡಿದ್ನಲ್ಲ.
ಇಬ್ರೂ ಏನಂದ್ರು ಅಂತ ನೀವು ಹೇಳ್ಲೇ ಇಲ್ಲ.’

ಹೇಳಿದೆ.
ದೊಡ್ಡವನಾದ ಮೇಲೆ ಏನು ಮಾಡ್ತೀಯ ಅಂತ ಕೇಳಿದ್ದರು.
ಇಬ್ಬರದೂ ಒಂದೇ ವಾಕ್ಯ, ಯಾರನ್ನು ಅನ್ನುವುದಷ್ಟೇ ಬೇರೆ.
ಅನುವಾದ ಕಷ್ಟವಾಗಿ ನುಂಗಿದ್ದಲ್ಲ ನಾನು,
ಕನ್ನಡದಲ್ಲಿ ಅದು
ತೀರ ಸಲೀಸಾಗಿ ಬಾಯಿಗೆ ಬಂದಿತ್ತು.

ಕುರ್ಚಿಯೊಂದನ್ನು ಹಿಡಿದು ನಿಂತರು ಸಾಬರು.
‘ಅಂದ್ಕೊಂಡೆ.
ಹೇಳೋ ಮುಂಚೆ ಇಬ್ರೂ ಪಕ್ಕಕ್ಕೆ ನೋಡಿದ್ರು ಸಾರ್,
ಕ್ಯಾಮೆರಾದ ಆಚೆ ಯಾರೋ ದೊಡ್ಡೋರು ನಿಂತಿರ್ಬೇಕು.’

ಲಗೇಜ್ ಆಟೊ ಬಂತು. ಎಣಿಸಿದರೆ ಐವತ್ತೊಂಬತ್ತು.
ಮತ್ತೆ ಎಣಿಸಿದೆವು, ಬೆಂಚಿನಡಿ ಬಗ್ಗಿ ನೋಡಿದೆವು.
ಅರವತ್ತನೆಯದು
ಅವರ ಕೈಯಲ್ಲೇ ಇತ್ತು.