ಕಣ್ಣು ಮಿಟುಕಿಸಿ

ಲಗ್ಗೆರೆ ಸೇತುವೆಯ ಪಕ್ಕ, ಬೆಳಗಿನ ಆರಕ್ಕೆ ಐದು ನಿಮಿಷ.
ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೆ ಒರಗಿಸಿಟ್ಟ ಹದಿನಾಲ್ಕು ಪೊರಕೆ,
ಹದಿನಾಲ್ಕು ಹಸಿರು ಕೋಟು, ಬೆನ್ನಿಗೆ ಹೊಳೆಯುವ ಪಟ್ಟಿ,
ಮತ್ತು ಒಂದು ಫೋನು.
ಫೋನು ನನ್ನ ಕೈಯಲ್ಲಿದೆ. ಇಪ್ಪತ್ತೆರಡು ವರ್ಷ
ಇದೇ ಕೈಯಲ್ಲಿ ಕೆಂಪು ರಟ್ಟಿನ ಪುಸ್ತಕವಿತ್ತು.

ಈಗ ಹೆಸರು ಕೂಗುವುದಿಲ್ಲ, ಮುಖ ಹಿಡಿಯುತ್ತೇನೆ.
ಚೌಕದೊಳಗೆ ಬಾ, ಇನ್ನೂ ಹತ್ತಿರ,
ತಲೆಯ ಟವೆಲು ಬಿಚ್ಚು, ಮಾಸ್ಕು ಇಳಿಸು.
ಗುಡಿಸುವಾಗ ಮಾಸ್ಕು ಹಾಕಲೇಬೇಕೆಂದು ಒಂದು ಸುತ್ತೋಲೆ,
ಹಾಜರಿಗೆ ಮಾಸ್ಕು ಕೂಡದೆಂದು ಇನ್ನೊಂದು.
ಎರಡಕ್ಕೂ ಸಹಿ ಒಂದೇ.

ಮೂಡಲಗಿರಿಯಮ್ಮ ಬಂದಳು, ಟಿಂಗ್.
ಓಬಳಮ್ಮ, ಟಿಂಗ್. ಗಂಗುಲಮ್ಮನ ಸೊಸೆ, ಟಿಂಗ್.
ಪುಲ್ಲಮ್ಮ ನಿಂತಳು.
ಬಿಳಿ ಉಂಗುರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.
ಕಣ್ಣು ಮಿಟುಕಿಸಿ, ಎಂದಿತು ಫೋನಿನೊಳಗಿನ ಹುಡುಗಿ
ಮದುವೆಗೆ ಕರೆಯುವಷ್ಟು ಮೃದುವಾಗಿ.

ಪೊರೆ ತೆಗೆಸಿದ ಬಲಗಣ್ಣು ಪುಲ್ಲಮ್ಮನದು.
ರೆಪ್ಪೆ ಅರ್ಧಕ್ಕೆ ಬಂದು ಅಲ್ಲೇ ಕೂರುತ್ತದೆ
ಶಟರ್ ಜಾಮಾದ ಅಂಗಡಿಯ ಹಾಗೆ.
ಎಡಗಣ್ಣೊಂದನ್ನೇ ಮಿಟುಕಿಸಿದಳು. ಓಬಳಮ್ಮ ನಕ್ಕಳು:
'ಈ ವಯಸ್ನಾಗೆ ಸರ್ಕಾರಕ್ಕೇ ಕಣ್ಣು ಹೊಡೀತೀಯೇನೇ?'

ಫೋನು ನಗಲಿಲ್ಲ. ಕೆಂಪಕ್ಷರದಲ್ಲಿ ಬರೆಯಿತು:
ಜೀವಂತ ವ್ಯಕ್ತಿ ಕಂಡುಬಂದಿಲ್ಲ.

'ಏನಂತಣ್ಣ?' ಅಂದಳು.
ಬೆಳಕು ಕಮ್ಮಿಯಂತೆ, ಅಂದೆ.

ಈ ಯಂತ್ರ ಯಾಕೆ ಬಂತೆಂದು ನನ್ನನ್ನು ಕೇಳಬೇಡಿ,
ಅಥವಾ ನನ್ನನ್ನೇ ಕೇಳಿ.
ಕೆಂಪು ಪುಸ್ತಕದಲ್ಲಿ ಹದಿನಾಲ್ಕು ಜನಕ್ಕೆ ಹತ್ತೊಂಬತ್ತು ಹೆಸರಿದ್ದವು.
ಆ ಐವರು ಮಳೆಗೆ ನೆನೆದವರಲ್ಲ, ರಜೆ ಕೇಳಿದವರಲ್ಲ,
ಸಂಬಳದ ದಿನ ಮಾತ್ರ ನನ್ನ ಜೇಬಿಗೆ ಬಂದು
ಕಂಟ್ರಾಕ್ಟರನ ಜೇಬಿಗೆ, ಅವನ ಮೇಲಿನವನ ಜೇಬಿಗೆ
ಹೋಗಿಬಿಡುತ್ತಿದ್ದರು.
ನನಗುಳಿದದ್ದು ಕಾಫಿ ಬೀಡಿ ಖರ್ಚು ಅನ್ನುವುದು
ನಾನು ನನಗೇ ಹೇಳಿಕೊಂಡದ್ದು.

ಐವರಲ್ಲೊಬ್ಬ ಚಿನ್ನೋಬಳಯ್ಯ, ಪುಲ್ಲಮ್ಮನ ಗಂಡ.
ಕಸದ ಲಾರಿ ರಿವರ್ಸ್ ಬಂದ ದಿನ ಸತ್ತವನು
ಎಂಟು ತಿಂಗಳು ನನ್ನ ಪುಸ್ತಕದಲ್ಲಿ ಏಳನೇ ಕ್ರಾಸ್ ಗುಡಿಸಿದ.
ಗೊತ್ತಾದಾಗ ಅವಳು ಜಗಳ ಮಾಡಲಿಲ್ಲ. ಬಂದು ನಿಂತು,
'ಯಾವ ಕ್ರಾಸ್ನಾಗವ್ನೆ ಹೇಳಣ್ಣ,
ಬುತ್ತಿ ಕೊಟ್ಟು ಬತ್ತೀನಿ' ಅಂದಳು.

ಮಾರನೆಯ ದಿನ ಹೆಸರು ಹೊಡೆದುಹಾಕಿದೆ.
ಒಂದೇ ಹೆಸರು.
ಉಳಿದ ನಾಲ್ವರನ್ನು ಕೊಂದದ್ದು ಈ ಫೋನು.
ಒಪ್ಪಬೇಕು, ಸರಿಯಾಗೇ ಕೊಂದಿತು.

ಬೆಳಕು ಕಮ್ಮಿಯೂ ಹೌದು. ಬೀದಿದೀಪಕ್ಕೂ ಈಗ ಬುದ್ಧಿ ಬಂದಿದೆ,
ಆರಕ್ಕೆ ಸರಿಯಾಗಿ ಆರುತ್ತದೆ, ಡಿಸೆಂಬರಿನಲ್ಲೂ.
ಆರೂಕಾಲಿಗೆ ಹಾಜರಿ ಮುಚ್ಚುತ್ತದೆ.
ಆಮೇಲೆ ಅರ್ಧ ದಿನದ ಸಂಬಳ ಎಲ್ಲಿಗೆ ಹೋಯಿತೆಂದು
ಕೇಳಲು ಒಂದು ನಂಬರಿದೆ.
ಎತ್ತುವವಳು ಅದೇ ಹುಡುಗಿ.

ರಿಂಗ್ ರಸ್ತೆಯಾಚೆ ಮನೆಯಗಲದ ಜಾಹೀರಾತು ಪರದೆ.
ಪುಲ್ಲಮ್ಮನನ್ನು ಓಡಿಸಿಕೊಂಡು ಹೋಗಿ ಅದರ ಕೆಳಗೆ ನಿಲ್ಲಿಸಿದೆ.
ಚಿನ್ನದ ಸಾಲ ಬಂತು, ಮುಖ ಹಳದಿ, ತಪ್ಪು.
ಬಿರಿಯಾನಿ ಬಂತು, ಮುಖ ಕೆಂಪು, ತಪ್ಪು.
ಆಮೇಲೆ ಬಂತು ಮೂರು ಬೆಡ್‌ರೂಮಿನ ಕನಸಿನ ಮನೆ,
ಪರದೆ ತುಂಬ ಬಿಳೀ ಗೋಡೆ, ಹತ್ತೇ ಸೆಕೆಂಡು.
ಆ ಸುಣ್ಣದ ಬೆಳಕಲ್ಲಿ
ಅವಳ ಹಣೆಯ ಗೆರೆಗಳನ್ನು ನಾನೂ ಮೊದಲ ಸಲ ನೋಡಿದೆ.
ಬೆರಳಿಂದ ರೆಪ್ಪೆ ಕೆಳಗೆಳೆದಳು. ಬಿಟ್ಟಳು.
ಟಿಂಗ್.

'ಅಂಗಾರೆ ಬದುಕಿವ್ನಿ' ಅಂದಳು,
ನಕ್ಕಳೋ ಇಲ್ಲವೋ, ಅಷ್ಟರಲ್ಲಿ ಪರದೆ ಹಳದಿಗೆ ತಿರುಗಿತ್ತು.

ಯಾರಿಗೆ ಯಾವ ರಸ್ತೆ, ಅದನ್ನೂ ಫೋನೇ ಹಂಚುತ್ತದೆ.
ನೋಡಿದೆ. ಇನ್ನೊಮ್ಮೆ ನೋಡಿದೆ.
'ಏಳನೇ ಕ್ರಾಸು' ಅಂದೆ.

ಅವಳು ಪೊರಕೆ ಎತ್ತಿಕೊಂಡು ನಡೆದಳು
ಎಂಟು ತಿಂಗಳು
ನಾನು ಪುಸ್ತಕದಲ್ಲೇ ಗುಡಿಸಿಬಿಟ್ಟ ರಸ್ತೆಗೆ.