ಬಿಳಿ ಬಟ್ಟೆ

ನಿನ್ನೆ ಸಂಜೆ ನುಚ್ಚಿಗೆ ಒಂದರ ಮೇಲೊಂದು ಬಿದ್ದವು.
ಇವತ್ತು ಬೆಳಗ್ಗೆ ರೆಕ್ಕೆ ಇಳಿಬಿಟ್ಟು ನಿಂತಿವೆ,
ಅಣ್ಣನ ಅಂಗಿ ತೊಟ್ಟ ಹುಡುಗರ ಹಾಗೆ
ತೋಳು ನೆಲ ಮುಟ್ಟುತ್ತ.
ಎರಡು ಆಗಲೇ ತಣ್ಣಗಾಗಿವೆ,
ಬಲ್ಬಿನ ಕೆಳಗೇ, ಬೆಚ್ಚಗಿರಬೇಕಾದಲ್ಲೇ.

ಜೂನ್ ತಿಂಗಳು. ಬಾಣಾವರದ ಅರ್ಧ ಶಾಲೆ
ನನ್ನ ಮೆಷಿನ್ನಿನ ಮೇಲೆ ಮಡಚಿ ಕೂತಿದೆ,
ಗುಂಡಿಗೆ ಕಾದ ಅಂಗಿ, ಲಾಡಿಗೆ ಕಾದ ಚಡ್ಡಿ.
ಮಗ್ಗುಲ ಕೋಣೆಯಲ್ಲಿ ಸಂಘದಿಂದ ತಂದ
ನಲವತ್ತು ಗಿರಿರಾಜ, ನಾಲ್ಕು ವಾರದವು.

ಗೌರಕ್ಕ ಬಾಗಿಲಲ್ಲೇ ನಿಂತಳು:
"ಕೊಕ್ಕರೆ ರೋಗ ಕಣೆ. ನಮ್ಮನೇಲೂ ಹಿಂಗೇ ಶುರುವಾಗಿದ್ದು.
ಸಂಜೆಗೆ ಒಂದೂ ಉಳಿಯಲ್ಲ,
ನಿಂತಿರೋವ್ನ ಈಗಲೇ ಮಾರ್ಬಿಡು."
ಸೈಕಲ್ಲಿನವನು ಬಂದೂ ಇದ್ದ, ಬುಟ್ಟಿ ಕಟ್ಟಿಕೊಂಡು.
ಒಂದಕ್ಕೆ ಮೂವತ್ತು ಅಂದ,
ಕಣ್ಣು ಮುಚ್ಚಿದ್ದಕ್ಕೆ ಹತ್ತು.
ಹೂಂ ಅನ್ನುವವಳಿದ್ದೆ.

ತಂಗಿ ಮಗಳು ತುಳಜಾ ಫೋನು ಹಚ್ಚಿ ನನ್ನ ಕಿವಿಗಿಟ್ಟಳು.
ಪಶು ಆಸ್ಪತ್ರೆಯ ಕಲ್ಲೇಶಪ್ಪ ಎಲ್ಲೋ ಹಸುವಿನ ಹೆರಿಗೆಯಲ್ಲಿದ್ದ,
ಹಿಂದೆ ಯಾರೋ "ಎಳಿ, ಎಳಿ" ಅನ್ನುತ್ತಿದ್ದರು.
"ಕತ್ತು ತಿರುಚುತ್ತಾ?" ಇಲ್ಲ.
"ಬಾಯಿ ಬಿಟ್ಟು ಉಸಿರು ಎಳೀತಾವಾ?" ಇಲ್ಲ.
"ಹಿಕ್ಕೆ ಹಸಿರಾ?"
ಉಮಿಯ ಮೇಲೆ ಎಲ್ಲ ಒಂದೇ ಬಣ್ಣ, ನನಗೇನು ಗೊತ್ತು?
"ಬಿಳಿ ಬಟ್ಟೆ ಹಾಸಿ ನೋಡಮ್ಮ. ಬಟ್ಟೆಗೆ ನಿನಗೇನು ಬರ?"

ಕೈಗೆ ಸಿಕ್ಕಿದ್ದು ಡ್ರಿಲ್ ಮೇಷ್ಟ್ರ ಪ್ಯಾಂಟಿನದು,
ಇನ್ನೂ ಸೀಮೆಸುಣ್ಣದ ಗೆರೆ ಬಿದ್ದಿರಲಿಲ್ಲ.
ಹಾಸಿದೆ. ಕೂತೆ.
ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರೂ
ಅಷ್ಟು ಕಣ್ಣಿಟ್ಟು ನೋಡಿರಲಿಕ್ಕಿಲ್ಲ.
ಮೊದಲನೆಯದು ಕಂದು.
ಎರಡನೆಯದು ಕಂದು, ತುದಿಗೆ ಸುಣ್ಣ ಮೆತ್ತಿದ ಹಾಗೆ.
ಸರಿಯಾಗೇ ಇದೆಯಲ್ಲ ಅಂದುಕೊಳ್ಳುವಾಗ
ಮೂರನೆಯದು.
ಬೆರಳಿಗೆ ಸೂಜಿ ಚುಚ್ಚಿ ಅಂಗಿಗೆ ತಾಕುತ್ತಲ್ಲ,
ಅದೇ ಕೆಂಪು. ನನಗೆ ಗುರುತಿರುವ ಕೆಂಪು.

"ರಕ್ತ" ಅಂದೆ.
"ಹಂಗಾದ್ರೆ ಔಷಧಿ ಐತೆ" ಅಂದ.
ರಕ್ತ ಅಂದರೆ ದನಿ ಹಗುರಾದ ಮನುಷ್ಯನನ್ನು
ಕೇಳಿದ್ದು ಅದೇ ಮೊದಲು.
"ಕಣ್ಣಿಗೆ ಕಾಣದ ಹುಳ, ಕರುಳು ಕೊರೆಯುತ್ತೆ. ಒದ್ದೇಲಿ ಹೆಚ್ಚೋದು.
ನೀರಿನ ಡಬ್ಬಿ ಸೋರ್ತಿತ್ತಾ?"

ಸೋರುತ್ತಿತ್ತು.
ಮೂರು ದಿನದಿಂದ ಸೋರುತ್ತಿತ್ತು.
ಕಾಲರಿಗೆ ಕ್ಯಾನ್ವಾಸು ಕೂಡಿಸುತ್ತ ಕೇಳಿಸಿಕೊಂಡಿದ್ದೆ
ತೊಟಕ್, ತೊಟಕ್.
ಇದೊಂದು ಅಂಗಿ ಆಗಲಿ, ಏಳುತ್ತೇನೆ.
ಅದೊಂದು ಅಂಗಿ ಇಪ್ಪತ್ತೆರಡಾಗಿತ್ತು.
ಗೌರಕ್ಕನಿಗೆ ಇದನ್ನು ಹೇಳಲಿಲ್ಲ.

ಸೈಕಲ್ಲಿನವನನ್ನು ಕಳಿಸಿದೆ.
ತುಳಜಾ ಅರಸೀಕೆರೆ ಬಸ್ಸು ಹತ್ತಿ ಪುಡಿ ತಂದಳು.
ಪೊಟ್ಟಣ ಹೇಳಿದಷ್ಟು ನೀರಿಗೆ ಅದು ಹೇಳಿದಷ್ಟೇ ಪುಡಿ,
ಕೈಯಳತೆ ಬೇಡ ಅಂದಿದ್ದ.
ಐದು ದಿನ ಬೇರೆ ನೀರು ಅವುಗಳ ಕಣ್ಣಿಗೂ ಬೀಳಬಾರದು.
ಒದ್ದೆ ಉಮಿ ಬಾಚಿ ಸುಟ್ಟೆ, ನೆಲಕ್ಕೆ ಸುಣ್ಣ ಬಳಿದೆ,
ಒಣಗಿದ ಮೇಲೆ ಹೊಸ ಉಮಿ.
ತಾನಾಗಿ ಕುಡಿಯಲಾರದ್ದಕ್ಕೆ ಇಂಕಿನ ಹೊಸ ಫಿಲ್ಲರು,
ಕೊಕ್ಕಿನ ಮಗ್ಗುಲಿಗೆ ಒಂದೊಂದೇ ಹನಿ,
ನುಂಗುವ ತನಕ ಕಾದು ಇನ್ನೊಂದು.
ಮಂಕಾದವಕ್ಕೆ ಕಾಲಿಗೆ ಕೆಂಪು ದಾರ.
ಎದ್ದು ಕಾಳು ಕುಕ್ಕಿದರೆ ಬಿಚ್ಚಿ ನೀಲಿ.
ಮೊದಲ ರಾತ್ರಿ ಹದಿನಾರು ಕೆಂಪು.
ಮೂರನೆಯ ದಿನ ಆರು.
ಕೆಂಪಿನಲ್ಲೇ ಹೋದವೂ ಇವೆ.
ಅವುಗಳ ಕಾಲಿನ ದಾರ ಬಿಚ್ಚಲಿಲ್ಲ,
ಹಾಗೇ ಹೂಳಿದೆ.
ಎಲ್ಲ ಸೇರಿ ಎಂಟು.

ಮೇಷ್ಟ್ರಿಗೆ ಬೇರೆ ಬಟ್ಟೆ ತಂದು ಹೊಲಿದೆ.
ಆ ಬಟ್ಟೆಗೆ ತಣ್ಣೀರು, ಉಪ್ಪು.
ರಕ್ತದ ಕಲೆಗೆ ಬಿಸಿನೀರು ತಾಕಿಸಬಾರದು,
ಅಷ್ಟು ವಿದ್ಯೆ ಮೊದಲೇ ಇತ್ತು.
ಪೂರ್ತಿ ಹೋಗಲಿಲ್ಲ.
ಈಗ ಗೌರಕ್ಕ ಅದನ್ನೇ ಎರವಲು ಕೇಳುತ್ತಾಳೆ,
ಬಿಸಿಲಿಗೆ ಒಣಗಿಸದೆ ಕೊಡುವುದಿಲ್ಲ ಅನ್ನುತ್ತೇನೆ.

ಡಬ್ಬಿಗೆ ಎಂ-ಸೀಲ್ ಮೆತ್ತಿದ್ದಾಗಿದೆ.
ಆದರೂ ರಾತ್ರಿ ಮೆಷಿನ್ನಿನ ಚಕ್ರಕ್ಕೆ ಕೈಯೊತ್ತಿ ನಿಲ್ಲಿಸಿ
ಕಿವಿಗೊಡುತ್ತೇನೆ.
ಏನಿಲ್ಲ. ನಿದ್ದೆಯಲ್ಲಿ ಒಂದು ಚಿಂವ್.
ಎದ್ದು ಹೋಗಿ
ಉಮಿಯೊಳಗೆ ಕೈ ಇಡುತ್ತೇನೆ.