ನಿವ್ವಳ ಎರಡು

ಸ್ಟಾಕ್‌ಟನ್, ಬೆಳಗಿನ ಜಾವ ಎರಡೂವರೆ.
ಬೀದಿಯಲ್ಲಿ ಎಚ್ಚರವಿದ್ದದ್ದು ನಮ್ಮ ಡೋನಟ್ ಅಂಗಡಿ,
ಎದುರಿನ ಪೆಟ್ರೋಲ್ ಬಂಕು.
ಅಕ್ಕ ಸೊಕುಂಥಿಯಾ ಹಿಟ್ಟು ನಾದುವವಳು,
ನಾನು ಮೈದಾ ಮೂಟೆಯ ಮೇಲೆ ಕೂತು ಕಾರ್ಡು ಹಿಡಿಯುವವನು.
ನನಗಾಗ ಹದಿಮೂರು. ತಿಳಿಯಬೇಕಾದ್ದು ಇಷ್ಟೇ:
ಪ್ರಶ್ನೆ ಈ ಮಗ್ಗುಲು, ಉತ್ತರ ಆ ಮಗ್ಗುಲು,
ತಪ್ಪಿದ್ದು ಬೇರೆ ಕಟ್ಟಿಗೆ.

ಮೆಡಿಕಲ್ ಪ್ರವೇಶ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ಹೋದ ವರ್ಷ ಒಮ್ಮೆ ಬರೆದಿದ್ದಳು. ಆ ಅಂಕವನ್ನು
ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಹಿಸ್ಟಿಡಿನ್?"
"ಆರು. ಆರರ ಹತ್ತಿರ ಅರ್ಧ ಮಂದಿ ಪ್ರೋಟಾನು ಹಿಡ್ಕೊಂಡಿರ್ತಾರೆ,
ಅರ್ಧ ಮಂದಿ ಬಿಟ್ಟುಬಿಟ್ಟಿರ್ತಾರೆ."
ಅಣುಗಳಿಗೆ ಮಂದಿ ಅನ್ನುವಳು ಅವಳು.
"ಲೈಸಿನ್?"
"ಅದು ಸುಲಭಕ್ಕೆ ಬಿಡೋದಲ್ಲ. ಅಪ್ಪನ ಥರ."

ಅಪ್ಪ ಎಣ್ಣೆ ಕಾಯಿಸುತ್ತಾ, ಕೇಳಿಸಿದರೂ ಕೇಳಿಸದವನು.
ಒಂದು ದಿನ ಮಾತ್ರ, ಗ್ಲೈಕಾಲಿಸಿಸ್ಸಿನ ಹತ್ತು ಮೆಟ್ಟಿಲು
ಅವಳು ಒಂದೇ ಉಸಿರಿಗೆ ಇಳಿಯುವಾಗ
ಜಾಲರಿ ಕೆಳಗಿಟ್ಟು ಕೇಳಿದ:
"ಮೊದಲೇ ಎರಡು ಕೊಡಬೇಕಾ?"
"ಹೂಂ, ಎರಡು ಎಟಿಪಿ. ಆಮೇಲೆ ನಾಲ್ಕು ಬರುತ್ತೆ."
"ನಿವ್ವಳ ಎರಡು."
"ಎರಡೇ."
"ಬಾಡಿಗೆ?"
ಅಕ್ಕನಿಗೆ ನಗು ಬಂದು ಹಿಟ್ಟೆಲ್ಲ ಮೂಗಿಗೆ.
ಅಪ್ಪ ನಗಲಿಲ್ಲ. ಮೊಳೆಗೆ ತೂಗುಹಾಕಿದ ಲೆಕ್ಕದ ಪುಸ್ತಕ ನೋಡಿದ.
ಹದಿನೆಂಟು ವರ್ಷದಿಂದ ಅದೇ ಗಣಿತ,
ಇವತ್ತಷ್ಟೇ ಅದರ ಹೆಸರು ಗೊತ್ತಾದವನ ಮುಖ.

ಹಿಟ್ಟು ಉಬ್ಬುತ್ತಿತ್ತು. ಅದರೊಳಗೂ
ಯೀಸ್ಟು ಅದೇ ಎರಡಕ್ಕೆ ದುಡಿದು
ಉಸಿರು ಬಿಟ್ಟು, ಒಂಚೂರು ಹೆಂಡ ಮಾಡಿ,
ಎಣ್ಣೆಗೆ ಬೀಳುವ ತನಕ ಯಾರಿಗೂ ದೂರು ಹೇಳುವುದಿಲ್ಲ,
ಅಂದಳು ಅಕ್ಕ. ಕಾರ್ಡಿನಲ್ಲಿ ಅದು ಇರಲಿಲ್ಲ.

ಆ ಶುಕ್ರವಾರ ಯಾವುದೋ ಚರ್ಚಿನಿಂದ ಹನ್ನೆರಡು ಡಬ್ಬಿಗೆ ಆರ್ಡರು.
ಅಪ್ಪ ಇನ್ಸುಲಿನ್ ಚುಚ್ಚಿಕೊಂಡ, ತಿನ್ನುವುದ ಮರೆತ.
"ಇನ್ಸುಲಿನ್ ಕರೆದಾಗ ಕೋಶದ ಬಾಗಿಲಿಗೆ ಬರುವ ವಾಹಕ?"
"ಗ್ಲಟ್ ನಾ..." ಅನ್ನುವಷ್ಟರಲ್ಲಿ
ಅಪ್ಪನ ಕೈಯ ಜಾಲರಿ ನೆಲಕ್ಕೆ.
ಮೈಯೆಲ್ಲ ಬೆವರು. ನಮ್ಮಿಬ್ಬರನ್ನೂ ನೋಡಿ
ಖ್ಮೇರಿನಲ್ಲಿ ಅಲ್ಲ, ಇಂಗ್ಲಿಷಿನಲ್ಲಿ,
ಗಿರಾಕಿಗಳಿಗೆ ಕೇಳುವ ದನಿಯಲ್ಲಿ ಕೇಳಿದ:
ಎಷ್ಟು ಬೇಕು?

ನಾನು ಓಡಿ ಡೋನಟ್ ತಂದೆ, ಬಿಸಿಬಿಸಿ.
"ಅದಲ್ಲ, ಕೊಬ್ಬು ತಡಮಾಡುತ್ತೆ!"
ಗ್ಲೇಜಿನ ಪಾತ್ರೆಗೆ ಚಮಚ ಅದ್ದಿ
ಅಪ್ಪನ ಬಾಯಿಗಿಟ್ಟಳು, ಎಳೆಗೂಸಿಗೆ ಗಂಜಿ ಇಡುವ ಹಾಗೆ.
ಹದಿನೈದು ಗ್ರಾಂ. ಹದಿನೈದು ನಿಮಿಷ.
ಗಡಿಯಾರ ನೋಡುತ್ತಾ ಅವಳ ತುಟಿ ಅಲುಗುತ್ತಿತ್ತು.
ಪ್ರಾರ್ಥನೆ ಅಂದುಕೊಂಡೆ. ಹತ್ತಿರ ಹೋದರೆ
ಸುಕ್ರೋಸು ಎಲ್ಲಿ ಒಡೆಯುತ್ತೆ, ಯಾವ ಕಿಣ್ವ,
ಅಲ್ಲಿಂದ ಮುಂದೆ ಯಾವ ರಕ್ತನಾಳ.

ಕಣ್ಣು ತಿಳಿಯಾದ ಮೇಲೆ ಅಪ್ಪ ಮೊದಲು ಅಂದದ್ದು:
"ಒಲೆ ಆರಿಸಿದಿರಾ?"

ಆ ಗಡಿಬಿಡಿಯಲ್ಲಿ ಬೇರೊಂದು ಡಬ್ಬಿ ಹೊರಟುಹೋಗಿತ್ತು,
ಮುಚ್ಚಳದ ಒಳಗಡೆ, ಗುಲಾಬಿ ರಟ್ಟಿನ ಮೇಲೆ,
ಅಕ್ಕ ಮಾರ್ಕರಿನಲ್ಲಿ ಬರೆದ ಸಿಟ್ರಿಕ್ ಆಮ್ಲದ ಚಕ್ರ.
ಸೋಮವಾರ ಮುದುಕಿಯೊಬ್ಬಳು ಅದನ್ನು ಮಡಿಸಿ ತಂದಳು.
ಸಕ್ಕರೆಯ ಬೆರಳಚ್ಚುಗಳ ನಡುವೆ, ಪೆನ್ಸಿಲಿನಲ್ಲಿ,
ಸಕ್ಸಿನೇಟಿಗೂ ಮ್ಯಾಲೇಟಿಗೂ ಮಧ್ಯೆ ಒಂದು ಬಾಣ:
ಫ್ಯೂಮರೇಟ್ ಬಿಟ್ಟಿದ್ದೀಯ.
ಕಾಫಿಗೆ ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡು,
ಯಾರು ಏನು ಎನ್ನುವ ಮೊದಲೇ ಹೊರಟಳು.

ಅಕ್ಕ ಆ ಮುಚ್ಚಳವನ್ನು
ಲೆಕ್ಕದ ಪುಸ್ತಕದ ಮೊಳೆಗೇ ಸಿಕ್ಕಿಸಿ
ಕೈ ಒರೆಸಿಕೊಂಡು "ಮುಂದಿನದು" ಅಂದಳು.
ನಾನು ತಪ್ಪಿದವುಗಳ ಕಟ್ಟು ಬಿಚ್ಚಿದೆ.